ಜಾಝ್ ಪ್ರಶಸ್ತಿಗೊಬ್ಬ ಮದುಮಗ

ಸುದ್ದಿ ಬಂದಾಗ ರುಡಾಲ್ಫರು ಕುವೈತಿನ ಅಹ್ಮದಿಯ ಎಣ್ಣೆ ಕಂಪೆನಿಯ ಕ್ಯಾಂಟೀನಿನಲ್ಲಿ ಕೂತು, ಮನೆಯಿಂದ ತಂದ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದರು. ಬಲಗೈಯೆಲ್ಲ ಮಸಾಲೆ, ಎಡಗೈಯಲ್ಲಿ ಫೋನು. ಇಮೇಲನ್ನು ಒಮ್ಮೆ ಓದಿದರು, ಕನ್ನಡಕ ಸರಿಮಾಡಿ ಇನ್ನೊಮ್ಮೆ ಓದಿದರು, ಆಮೇಲೆ ಕೈತೊಳೆಯುವುದನ್ನೂ ಮರೆತು ಹೆಂಡತಿಗೆ ಫೋನ್ ಮಾಡಿದರು.

ಹೆಂಡತಿ ಲೂರ್ಡ್ಸ್ ಆಗ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದರು. ನರ್ಸುಗಳ ಗಂಡಂದಿರು ಡ್ಯೂಟಿ ಹೊತ್ತಿನಲ್ಲಿ ಫೋನ್ ಮಾಡುವ ಕ್ರಮ ಇಲ್ಲ.

"ಯಾರಿಗೆ ಏನಾಯಿತು?" ಅಂದರು ಎತ್ತಿದ ಕೂಡಲೇ.

"ನನಗೆ."

"ಎದೆ ನೋವಾ? ಎಡಗೈ ಜೋಮು ಹಿಡಿದ ಹಾಗೆ ಆಗ್ತದಾ?"

"ಅಲ್ಲ ಮಾರಾಯ್ತಿ. ನಮ್ಮ ಆಲ್ಬಮ್! ರಾಷ್ಟ್ರೀಯ ಪ್ರಶಸ್ತಿಯ ಕೊನೇ ಸುತ್ತಿಗೆ ಬಂದಿದೆ. ಜಾಝ್ ವಿಭಾಗ. ಇಡೀ ಇಂಡಿಯಾದಲ್ಲಿ ಕೆಲವೇ ಕೆಲವು ಆಲ್ಬಮ್ಮು, ಅದರಲ್ಲಿ ನಮ್ಮದೊಂದು!"

ಲೂರ್ಡ್ಸ್ ಉಸಿರು ಬಿಟ್ಟದ್ದು ಈಚೆಗೆ ಕೇಳಿಸಿತು. "ದೇವರು ದೊಡ್ಡವನು. ಆದರೆ ಇನ್ನು ಮುಂದೆ ಇಂಥದ್ದನ್ನೆಲ್ಲ ವಾಟ್ಸಾಪಿನಲ್ಲಿ ಹಾಕು. ಈಗ ನನಗೇ ಒಂದು ಇಸಿಜಿ ಬೇಕು" ಅಂದು ಇಟ್ಟರು.

ರುಡಾಲ್ಫರಿಗೆ ಈ ಪ್ರಶಸ್ತಿ ಯಾಕೆ ಅಷ್ಟು ಬೇಕಿತ್ತು ಅನ್ನುವುದನ್ನು ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ. ಬಿರುದು ಬಾವಲಿಯ ಆಸೆಯ ಮನುಷ್ಯ ಅಲ್ಲ. ಕುವೈತಿನಲ್ಲಿ ಮಂಗಳೂರು ಕಡೆಯವರ ಮದುವೆ, ನಾಮಕರಣ, ಬೆಳ್ಳಿಹಬ್ಬ ಏನೇ ಇರಲಿ, ಸ್ಯಾಕ್ಸೊಫೋನಿಗೆ ರುಡಾಲ್ಫರೇ ಆಗಬೇಕು. ಆದರೆ ಜನಕ್ಕೆ ಬೇಕಾದದ್ದು ಕುಣಿಯುವ ಹಾಡು. ರುಡಾಲ್ಫರು ಎರಡು ಕುಣಿತದ ಹಾಡಿನ ನಡುವೆ ಮೆಲ್ಲಗೆ ಒಂದು ಜಾಝ್ ತುಂಡು ತೂರಿಸಿದರೆ ಸಾಕು, ಇಡೀ ಸಭೆಗೆ ಅದೇ ಹೊತ್ತಿಗೆ ಹಸಿವಾಗುತ್ತಿತ್ತು. ಅವರು ಕಣ್ಣು ಮುಚ್ಚಿ ಬಾರಿಸಿ ಕಣ್ಣು ಬಿಟ್ಟರೆ ಎದುರಿಗೆ ಖಾಲಿ ಕುರ್ಚಿ, ಅತ್ತ ಬಿರಿಯಾನಿಯ ಮುಂದೆ ಉದ್ದ ಸಾಲು. ಇಷ್ಟು ವರ್ಷದಲ್ಲಿ ಅವರ ಜಾಝನ್ನು ಯಾರೂ ಕೂತು ಪೂರ್ತಿ ಕೇಳಿದ್ದಿಲ್ಲ. ಈ ವರ್ಷದ ಕೊನೆಗೆ ರಿಟೈರ್‌ಮೆಂಟು. ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರದ್ದು ಮಾಡಿಸಿ ಊರಿಗೆ ಹೋಗುವುದು. ಹೋಗುವ ಮೊದಲು ಯಾರಾದರೂ ಒಮ್ಮೆ, ಎದ್ದು ಹೋಗದೆ, ಕಿವಿಕೊಟ್ಟು ಕೇಳಬೇಕು. ತೀರ್ಪುಗಾರರು ಅಂದಮೇಲೆ ಅವರಿಗೆ ಅದೇ ಕೆಲಸ ಅಲ್ಲವಾ? ಎದ್ದು ಹೋಗುವ ಹಾಗೇ ಇಲ್ಲ!

ಜಾಝ್ ಅಂದರೆ ಎಂತದು ಅಂತ ಕೇಳಿದವರಿಗೆ ರುಡಾಲ್ಫರು ಕೊಡುವ ಉತ್ತರ ಒಂದೇ. "ದಾರಿ ಗೊತ್ತಿದ್ದವ ಬೇಕಂತಲೇ ಬೇರೆ ಓಣಿ ಹಿಡಿದು ಹೋಗಿ, ಸರಿಯಾಗಿ ಊಟದ ಹೊತ್ತಿಗೆ ಮನೆ ಮುಟ್ಟುವುದು."

ಅವರ ಬ್ಯಾಂಡು ಮೂರು ಜನರದ್ದು. ಸ್ಯಾಕ್ಸೊಫೋನಿಗೆ ಇವರು. ಬೇಸ್ ಗಿಟಾರಿಗೆ ಮಗ ಆಲ್ರೊಯ್. ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲಿ ಕೊಂಕಣಿಯಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ. ತಾಳಕ್ಕೆ ನೌಷಾದ್. ಉಪ್ಪಿನಂಗಡಿ ಕಡೆಯ ಬ್ಯಾರಿ, ಮಿರ್ಕಾಬಿನಲ್ಲಿ ಪರದೆ ಬಟ್ಟೆಯ ಅಂಗಡಿ. ಸಣ್ಣಂದಿನಿಂದ ದಫ್ ಅನ್ನುವ ಚರ್ಮವಾದ್ಯ ಬಡಿದ ಕೈ ಅದು. ಜಾಝಿಗೆ ಡ್ರಮ್ ಸೆಟ್ಟೇ ಆಗಬೇಕು ಅಂತ ಯಾರೋ ಹೇಳಿದಾಗ, "ಅವರು ಕಾಲಲ್ಲಿ ಒದೆಯುವುದನ್ನು ನಾನು ಹೆಬ್ಬೆರಳಲ್ಲಿ ಮಾಡ್ತೇನೆ" ಅಂದು ಮಾಡಿಯೇ ತೋರಿಸಿದ್ದ. ಸ್ಟುಡಿಯೊ ಅಂದರೆ ಅವನ ಅಂಗಡಿಯೇ. ಸುತ್ತ ಸಾಲಾಗಿ ತೂಗುವ ದಪ್ಪ ಪರದೆಗಳು ಸದ್ದನ್ನು ನುಂಗಿಕೊಳ್ಳುತ್ತಿದ್ದವು, ಒಂದು ಚೂರೂ ಮಾರ್ದನಿ ಇಲ್ಲ. ವಾರದ ರಜೆ ಶುಕ್ರವಾರ; ಬೆಳಿಗ್ಗೆ ಇವರು ಇಗರ್ಜಿಗೆ, ಮಧ್ಯಾಹ್ನ ಅವನು ಮಸೀದಿಗೆ, ಆಮೇಲೆ ಮೂವರೂ ಪರದೆಯ ಒಳಗೆ. ಆಲ್ಬಮ್ಮಿನ ಹೆಸರು 'ಖಾರೆಂ ವಾರೆಂ', ಅಂದರೆ ಉಪ್ಪುಗಾಳಿ. ಆ ಆಲ್ಬಮ್ ಹುಟ್ಟಿದ್ದು ಹಾಗೆ.

ಅದರಲ್ಲಿ ಒಂದು ಹಾಡಿನಲ್ಲಿ ಮಾತ್ರ ಲೂರ್ಡ್ಸ್‌ರ ಧ್ವನಿ ಇತ್ತು. ಎಲ್ಲ ಗಲಾಟೆಯೂ ಅಲ್ಲಿಂದಲೇ ಶುರು.

ಕರಾವಳಿಯ ಕ್ರಿಸ್ತುವರಲ್ಲಿ ಮದುವೆಯ ಮುನ್ನಾದಿನ ರೋಸ್ ಅಂತ ಒಂದು ಶಾಸ್ತ್ರ. ಮದುಮಗಳನ್ನೋ ಮದುಮಗನನ್ನೋ ಮಣೆಯ ಮೇಲೆ ಕೂರಿಸಿ, ಹಣೆಗೆ ಎಣ್ಣೆ ಇಟ್ಟು, ತಲೆ ಮೇಲೆ ತೆಂಗಿನ ಹಾಲು ಹೊಯ್ಯುವುದು. ಆ ಹೊತ್ತಿಗೆ ಹಿರಿಯ ಹೆಂಗಸೊಬ್ಬಳು ಹಾಡು ಎತ್ತುತ್ತಾಳೆ, ಉಳಿದವರು ಕೊನೆಯ ಸಾಲನ್ನು ಎಳೆದು ಹಾಡುತ್ತಾರೆ. ಆ ಹಾಡಿಗೆ ವೊವಿ ಅಂತ ಹೆಸರು. ಕುವೈತಿನಲ್ಲಿ ವೊವಿ ಎತ್ತಲು ಲೂರ್ಡ್ಸ್‌ರಷ್ಟು ಗಟ್ಟಿ ಯಾರೂ ಇಲ್ಲ. ಅವರ ಅಕ್ಕನ ಮಗಳು ಪರ್ಲಳ ರೋಸ್ ಇವರ ಮನೆಯಿರುವ ಸಾಲ್ಮಿಯಾದಲ್ಲೇ ಆಗಿತ್ತು. ಅಲ್ಲಿ ರುಡಾಲ್ಫರು ಹೂಕುಂಡದ ಹಿಂದೆ ರೆಕಾರ್ಡರ್ ಇಟ್ಟು ಹೆಂಡತಿಯ ವೊವಿ ಹಿಡಿದು, ಆಮೇಲೆ ಅದರ ಸುತ್ತ ಸ್ಯಾಕ್ಸೊಫೋನ್ ಹೆಣೆದಿದ್ದರು. ಆ ತುಂಡಿಗೆ 'ರೋಸಾಚಿ ಸಾಂಜ್' ಅಂತ ಹೆಸರಿಟ್ಟಿದ್ದರು. ರೋಸಿನ ಸಂಜೆ.

ಇಮೇಲಿನ ಕೆಳಗಿನ ಅರ್ಧ ರುಡಾಲ್ಫರು ಓದಿದ್ದು ಸಂಜೆ ಮನೆಗೆ ಬಂದ ಮೇಲೆ. ಕೊನೆಯ ಸುತ್ತಿನ ತಂಡಗಳು ವಿಡಿಯೊ ಕರೆಯಲ್ಲಿ ತೀರ್ಪುಗಾರರ ಮುಂದೆ ಒಂದು ಹಾಡನ್ನು ನೇರವಾಗಿ ನುಡಿಸಬೇಕು. ಯಾವ ಹಾಡು ಅಂತ ಅವರೇ ಹೇಳಿದ್ದರು: 'ರೋಸಾಚಿ ಸಾಂಜ್'. ದಿನ, ಬರುವ ತಿಂಗಳ ಎರಡನೇ ಶುಕ್ರವಾರ.

"ಹಾಡುವುದಿಲ್ಲ" ಅಂದರು ಲೂರ್ಡ್ಸ್, ಯೂನಿಫಾರ್ಮ್ ಕೂಡ ಬಿಚ್ಚಿರಲಿಲ್ಲ.

"ಯಾಕೆ?"

"ಮದುಮಗಳು ಎಲ್ಲಿ?"

"ಯಾವ ಮದುಮಗಳು?"

"ಅದೇ ನಾನು ಕೇಳುವುದು. ಮಣೆ ಖಾಲಿ ಇಟ್ಟು ವೊವಿ ಹಾಡುವುದಾ? ನನ್ನ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಗುನುಗಿದರೂ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅದು ತಮಾಷೆಯ ಹಾಡಲ್ಲ ರೂಡಿ. ಯಾರದೋ ತಲೆ ಮೇಲೆ ಆಶೀರ್ವಾದ ಇಡುವುದು. ತಲೆಯೇ ಇಲ್ಲದಿದ್ದರೆ ಎಲ್ಲಿ ಇಡಲಿ, ಫ್ರಿಜ್ಜಿನ ಮೇಲಾ?"

"ಅವತ್ತು ರೆಕಾರ್ಡ್ ಮಾಡಿದ್ದಕ್ಕೆ ನೀನು ಏನೂ ಹೇಳಲಿಲ್ಲವಲ್ಲ!"

"ಅವತ್ತು ಪರ್ಲ್ ಇದ್ದಳು. ಅದು ನಿಜದ ರೋಸು."

ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೆಂಡತಿಯ ಯಾವ 'ಇಲ್ಲ'ಕ್ಕೆ ಬಾಗಿಲುಂಟು, ಯಾವುದು ಬರೀ ಗೋಡೆ ಅಂತ ಗೊತ್ತಿರುತ್ತದೆ. ಇದು ಗೋಡೆ. ರುಡಾಲ್ಫರು ಸುಮ್ಮನೆ ಟೀ ಮಾಡಲು ಎದ್ದರು.

ಮಾರನೇ ಶುಕ್ರವಾರ ಪರದೆ ಅಂಗಡಿಯಲ್ಲಿ ತುರ್ತು ಸಭೆ. ಮೂವರೂ ಒಟ್ಟಿಗಿದ್ದರೆ ಮಾತು ಕನ್ನಡ, ತುಳು, ಇಂಗ್ಲಿಷು, ಅರಬಿ ಎಲ್ಲ ಕಲಸಿದ ಪಾಯಸ.

"ಪೊರ್ಬುಗಳೇ, ಇಷ್ಟೇ ಅಲ್ಲವಾ?" ಅಂದ ನೌಷಾದ್. ರುಡಾಲ್ಫರನ್ನು ಅವನು ಕರೆಯುವುದೇ ಹಾಗೆ, ಊರಲ್ಲಿ ಕ್ರಿಸ್ತುವರನ್ನು ಎಲ್ಲರೂ ಕರೆಯುವ ಹಾಗೆ. "ಕುವೈತಿನಲ್ಲಿ ಮದುವೆಗೆ ನಿಂತ ಹುಡುಗಿ ಒಬ್ಬಳೂ ಇಲ್ಲವಾ?"

"ಇದ್ದಾರೆ ಬ್ಯಾರಿಗಳೇ. ಎಲ್ಲರದ್ದೂ ಊರಲ್ಲಿ ಮದುವೆ, ಊರಲ್ಲೇ ರೋಸು. ಎರಡೆರಡು ಸಲ ಹಾಲು ಹೊಯ್ಯಲಿಕ್ಕೆ ಲೂರ್ಡ್ಸ್ ಒಪ್ಪುವುದಿಲ್ಲ."

ಇಬ್ಬರ ಕಣ್ಣೂ ಒಟ್ಟಿಗೆ ಆಲ್ರೊಯ್ ಮೇಲೆ ಬಿದ್ದವು. ಅವನು ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದವ ತಲೆ ಎತ್ತದೆಯೇ, "ನೋ ವೇ, ಡ್ಯಾಡಾ" ಅಂದ.

"ಬರೀ ಕೂರುವುದು ಮಗಾ. ಆಮೇಲೆ ಯಾವಾಗಾದರೂ ಮದುವೆ ಆಗು."

"ಮಮ್ಮಿ ವಿಲ್ ಫೈಂಡ್ ಮಿ ಅ ಗರ್ಲ್ ಬೈ ಮಂಡೇ."

ಅದೂ ಸತ್ಯವೇ.

"ನಮ್ಮ ಅಫ್ಸಲ್?" ನೌಷಾದ್‌ನ ಮುಖ ಅರಳಿತು. ಅಫ್ಸಲ್ ಅವನ ತಮ್ಮ. "ಬರುವ ತಿಂಗಳು ನಿಕಾಹ್ ಉಂಟು. ತೆಂಗಿನ ಹಾಲು ಹಲಾಲ್ ಅಲ್ಲವಾ? ಕೂರಿಸುವಾ!"

ಇದನ್ನು ಸಂಜೆ ಲೂರ್ಡ್ಸ್‌ರಿಗೆ ಹೇಳಿದಾಗ ಅವರು ನಗು ತಡೆಯಲಾರದೆ ಸೋಫಾ ಹಿಡಿದುಕೊಂಡರು. "ಮೊದಲ ವೊವಿಯೇ ಶಿಲುಬೆಯ ಗುರುತಿನಿಂದ ಶುರು! ಪಾಪದ ಹುಡುಗ, ಅವನ ಅಮ್ಮ ನನ್ನನ್ನು ಬಿಟ್ಟಾಳಾ?" ಅಂದರು. ನಗು ನಿಂತ ಮೇಲೆ ಗಂಡನ ಮುಖ ನೋಡಿ ಅವರ ದನಿ ಸ್ವಲ್ಪ ಇಳಿಯಿತು. "ರೂಡಿ, ಬೇರೆ ಹಾಡು ಕೇಳಿ ನೋಡು. ನಿನ್ನ ಸಂಗೀತಕ್ಕೆ ನಾನು ಅಡ್ಡ ಬರುವುದಲ್ಲ."

ರುಡಾಲ್ಫರು ಬರೆದು ಕೇಳಿದರು. ಬೇರೆ ಹಾಡು ಆಗದು ಅಂತ ಉತ್ತರ ಬಂತು.

ಇವರ ಕಟ್ಟಡದ ಕೆಳಗಿನ ಮಹಡಿಯಲ್ಲಿ ಕಾರ್ಮೆಲ್ ಆಂಟಿ ಇದ್ದರು, ಮಗ ಸೊಸೆಯ ಜೊತೆ. ಸಾಲ್ಮಿಯಾದ ಮಂಗಳೂರು ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯರು. ಶಾಸ್ತ್ರದ ವಿಷಯದಲ್ಲಿ ಪಾದ್ರಿಗಳಿಗೆ ಸಂಶಯ ಬಂದರೂ ಅವರನ್ನು ಕೇಳುತ್ತಾರೆ ಅಂತ ಪ್ರತೀತಿ. ರುಡಾಲ್ಫರು ಕೊನೆಯ ಪ್ರಯತ್ನ ಅಂತ ಒಂದು ಡಬ್ಬಿ ಹಲ್ವ ಹಿಡಿದು ಹೋದರು, ಹೆಂಡತಿಯನ್ನೂ ಕರೆದುಕೊಂಡೇ ಹೋದರು.

ಕಾರ್ಮೆಲ್ ಆಂಟಿ ಎಲ್ಲ ಕೇಳಿದರು. ಹಲ್ವ ತಿಂದರು. "ಲೂರ್ಡ್ಸ್ ಹೇಳಿದ್ದು ಸರಿ ಪುತಾ. ಖಾಲಿ ಮಣೆಗೆ ವೊವಿ ಇಲ್ಲ" ಅಂದರು.

ರುಡಾಲ್ಫರು ಎದ್ದೇ ಬಿಟ್ಟರು.

"ಕೂತುಕೋ. ನಿನ್ನ ರೋಸಿನಲ್ಲಿ ವೊವಿ ಎತ್ತಿದವಳು ಯಾರು?"

"ನನ್ನದಾ? ನನ್ನದು ಆಗಲೇ ಇಲ್ಲ ಆಂಟಿ."

"ಆಗಲೇ ಇಲ್ಲ ಅಂದರೆ?"

ಹೇಳಿದರು. ಆಗ ಕಂಪೆನಿಯಲ್ಲಿ ಹೊಸ ಕೆಲಸ, ಸಿಕ್ಕಿದ್ದು ಚೂರುಪಾರು ರಜೆ. ಬೊಂಬಾಯಿಯಲ್ಲಿ ವಿಮಾನ ಒಂದು ಇಡೀ ದಿನ ಕೂತುಬಿಟ್ಟಿತು. ಮನೆಯಲ್ಲಿ ಮಣೆ ಇಟ್ಟು, ಕಾಯಿ ತುರಿದು, ನೆಂಟರೆಲ್ಲ ಕಾದದ್ದೇ ಬಂತು. ಮದುಮಗ ಬಂದು ಇಳಿದದ್ದು ಮದುವೆಯ ಬೆಳಿಗ್ಗೆ. ವಿಮಾನ ನಿಲ್ದಾಣದ ಪಾಯಿಖಾನೆಯಲ್ಲೇ ಸೂಟು ಹಾಕಿ ನೇರ ಇಗರ್ಜಿಗೆ. ಲೂರ್ಡ್ಸ್‌ರಿಗೆ ಅವರ ತವರಿನಲ್ಲಿ ರೋಸ್ ಆಗಿತ್ತು. ಇವರ ಪಾಲಿನ ತೆಂಗಿನ ಹಾಲು ಮಾತ್ರ ಮಾರನೇ ದಿನದ ಕೋಳಿ ಸಾರಿಗೆ ಹೋಯಿತು.

ಕಾರ್ಮೆಲ್ ಆಂಟಿ ಬೆರಳು ನೆಕ್ಕಿ, ಲೂರ್ಡ್ಸ್‌ರ ಕಡೆ ತಿರುಗಿದರು. "ಬಾಯೆ, ರೋಸ್ ಅಂದರೆ ಏನು? ಹುಡುಗಾಟದ ದಿನಗಳನ್ನು ತೊಳೆದು ಕಳಿಸುವುದು. ಇವನದು ಯಾರೂ ತೊಳೆಯಲೇ ಇಲ್ಲ. ಅಂದರೆ ಇಷ್ಟು ವರ್ಷ ನೀನು ಸಂಸಾರ ಮಾಡಿದ್ದು ಒಬ್ಬ ಪೋಕರಿ ಹುಡುಗನ ಜೊತೆ!"

"ಅದು ನನಗೆ ಗೊತ್ತಿತ್ತು" ಅಂದರು ಲೂರ್ಡ್ಸ್.

"ಮತ್ತೆ? ಮದುಮಗ ಇಲ್ಲೇ ಕೂತಿದ್ದಾನಲ್ಲ."

ಲೂರ್ಡ್ಸ್ ಗಂಡನನ್ನು ನೋಡಿದರು. ತಲೆಯ ನಡುವಿನ ಬೋಳು, ಹೊಟ್ಟೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಲಿಫ್ಟಿನಲ್ಲಿ ಮೇಲೆ ಬರುವಾಗ ಅಂದರು: "ಹಾಡ್ತೇನೆ. ಆದರೆ ರೋಸ್ ಅಂದರೆ ರೋಸ್, ತಿಳಿಯಿತಾ? ನಾಟಕ ಅಲ್ಲ."

"ಖಂಡಿತ, ಖಂಡಿತ" ಅಂದರು ರುಡಾಲ್ಫರು. ಆ ಹೊತ್ತಿಗೆ ಅವರು ಏನು ಕೇಳಿದರೂ ಖಂಡಿತ ಅನ್ನುತ್ತಿದ್ದರು.

ಅವರ ತಲೆಯಲ್ಲಿ ಇದ್ದ ಲೆಕ್ಕ ಹೀಗೆ: ಮಣೆಯ ಮೇಲೆ ಸ್ಯಾಕ್ಸೊಫೋನ್ ಹಿಡಿದು ಕೂರುವುದು. ಲೂರ್ಡ್ಸ್ ಎರಡು ವೊವಿ ಹಾಡುವುದು, ಕಾರ್ಮೆಲ್ ಆಂಟಿ ಶಾಸ್ತ್ರಕ್ಕೆ ಹಣೆಗೊಂದು ತೊಟ್ಟು ಎಣ್ಣೆ ಮುಟ್ಟಿಸುವುದು. ಆಮೇಲೆ ಅವರ ಸೋಲೊ, ಅಂದರೆ ಸ್ಯಾಕ್ಸೊಫೋನ್ ಒಂದೇ ಓಣಿಗಳನ್ನೆಲ್ಲ ಸುತ್ತಿ ಬರುವ ಭಾಗ. ಕೊನೆಗೊಂದು ವೊವಿ. ಕರೆ ಮುಗಿದ ಮೇಲೆ ಹಾಲು ಬೇಕಾದಷ್ಟು ಹೊಯ್ಯಲಿ.

ಲೂರ್ಡ್ಸ್‌ರ ತಲೆಯಲ್ಲಿ ಇದ್ದ ಲೆಕ್ಕ ಬೇರೆ. ರೋಸ್ ಅಂದಮೇಲೆ ಮನೆಮನೆಗೆ ಹೋಗಿ ಕರೆಯಬೇಕು. ಕರೆದರು. ಮೊದಲು ತಮ್ಮ ಕಟ್ಟಡ, ಆಮೇಲೆ ಆಚೆಯ ಕಟ್ಟಡ, ಆಮೇಲೆ ಕ್ವಾಯರಿನ ಹೆಂಗಸರು, ಆಸ್ಪತ್ರೆಯ ಗೆಳತಿಯರು. ಕರೆಯದಿದ್ದರೆ ಬೇಸರ, ಕರೆದೂ ಬಾರದಿದ್ದರೆ ಇನ್ನೂ ಬೇಸರ. ಮಂಗಳೂರಿನವರು ಪರದೇಶದಲ್ಲಿ ಇನ್ನೇನನ್ನು ತಪ್ಪಿಸಿಕೊಂಡರೂ ರೋಸನ್ನು ತಪ್ಪಿಸಿಕೊಳ್ಳುವುದಿಲ್ಲ, ಅದೂ ರಿಟೈರ್ ಆಗುವ ಮದುಮಗನ ರೋಸು!

ಶುಕ್ರವಾರ ನಾಲ್ಕು ಗಂಟೆಗೆ ವಿಡಿಯೊ ಕರೆ. ಮೂರೂವರೆಗೆ ರುಡಾಲ್ಫರು ಬಿಳಿ ಅಂಗಿ ಹಾಕಿ ಕೋಣೆಯಿಂದ ಹೊರಬಂದರೆ ಹಾಲ್‌ನಲ್ಲಿ ಕಾಲಿಡಲು ಜಾಗ ಇಲ್ಲ. ಸೋಫಾ ಬಾಲ್ಕನಿಗೆ ಹೋಗಿತ್ತು. ನೆಲಕ್ಕೆ ಪ್ಲಾಸ್ಟಿಕ್ ಹಾಸಿತ್ತು. ಅಡುಗೆಮನೆಯಿಂದ ತೆಂಗಿನ ಹಾಲಿನ ಪಾತ್ರೆಗಳು ಬರುತ್ತಲೇ ಇದ್ದವು. ಬಾಗಿಲ ಹೊರಗೆ ಮೆಟ್ಟಿಲವರೆಗೂ ಜನ, ಎಲ್ಲರ ಬಾಯಲ್ಲೂ ನಗು.

"ಮದುಮಗ ಬಂದ! ನಾಚಿಕೊಂಡಿದ್ದಾನೆ ನೋಡಿ!" ಅಂತ ಕೂಗಿದವರು ಪಕ್ಕದ ಮನೆಯ ಜೋಕಿಮ್. ಯಾವ ಮದುವೆಯಲ್ಲೂ ಬಿರಿಯಾನಿ ಸಾಲಿನಲ್ಲಿ ಮೊದಲನೆಯವರು.

"ಇದೇನಿದು ಲೂರ್ಡ್ಸ್?" ರುಡಾಲ್ಫರ ದನಿ ಕೀರಲಾಯಿತು.

"ರೋಸ್" ಅಂದರು ಲೂರ್ಡ್ಸ್. ಮದುವೆಯ ಕಾಲದ ಕೆಂಪು ಸೀರೆ ಉಟ್ಟಿದ್ದರು. ರುಡಾಲ್ಫರಿಗೆ ಹೇಳಬೇಕೆಂದಿದ್ದದ್ದೆಲ್ಲ ಮರೆತುಹೋಯಿತು.

ಮೂಲೆಯಲ್ಲಿ ದಫ್ ಹಿಡಿದು ಕೂತಿದ್ದ ನೌಷಾದ್ ಬಗ್ಗಿ, "ಪೊರ್ಬುಗಳೇ, ನನ್ನ ಮದುವೆಗೂ ಇಷ್ಟು ಜನ ಇರಲಿಲ್ಲ" ಅಂದ. ಅಷ್ಟರಲ್ಲಿ ಆಲ್ರೊಯ್ ಲ್ಯಾಪ್‌ಟಾಪ್ ತಿರುಗಿಸಿದ. ಪರದೆಯ ಮೇಲೆ ಮೂವರು ತೀರ್ಪುಗಾರರು. ನಡುವೆ ಬೆಳ್ಳಿ ಕೂದಲ ಹೆಂಗಸು, ಅವರೇ ಅಧ್ಯಕ್ಷೆ. ಅವರ ಹುಬ್ಬು ಸ್ವಲ್ಪ ಮೇಲೇರಿತ್ತು.

"ನಿಮ್ಮದು ಮೂರು ಜನರ ತಂಡ ಅಂತ ಇದೆ" ಅಂದರು.

"ಹೌದು ಮೇಡಂ. ಉಳಿದವರು... ಮನೆಯವರು" ಅಂದರು ರುಡಾಲ್ಫರು.

"ಯಲ್ಲಾ, ಶುರು" ಅಂದ ನೌಷಾದ್, ಹೆಬ್ಬೆರಳು ದಫ್ ಮೇಲೆ ಬಿತ್ತು. ಬೇಸ್ ಕೆಳಗಿನಿಂದ ಮೆಲ್ಲಗೆ ಸೇರಿತು. ಲೂರ್ಡ್ಸ್ ಶಿಲುಬೆಯ ಗುರುತು ಹಾಕಿ ಮೊದಲ ವೊವಿ ಎತ್ತಿದರು. ಕೊನೆಯ ಸಾಲಿಗೆ ಹಾಲ್, ಬಾಲ್ಕನಿ, ಮೆಟ್ಟಿಲು ಎಲ್ಲ ಕಡೆಯಿಂದ ಹೆಂಗಸರ ದನಿ ಒಮ್ಮೆಗೇ ಎದ್ದು ಬಂತು. ಪರದೆ ಅಂಗಡಿಯಲ್ಲಿ ಎಂದೂ ಇರದಿದ್ದ ಸದ್ದು ಅದು. ರುಡಾಲ್ಫರು ಸ್ಯಾಕ್ಸೊಫೋನನ್ನು ತುಟಿಯ ಹತ್ತಿರ ತಂದರು.

ಎಣ್ಣೆ ಮುಟ್ಟಿಸಿದ ಕಾರ್ಮೆಲ್ ಆಂಟಿಗೆ ಸೋಲೊ ಗೀಲೊ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರೂ ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ವೊವಿ ಮುಗಿದರೆ ಹಾಲು, ಅದು ಕ್ರಮ. ಒಂದು ದೊಡ್ಡ ಸೌಟು ತುಂಬ ತೆಂಗಿನ ಹಾಲು ರುಡಾಲ್ಫರ ನಡುನೆತ್ತಿಯ ಮೇಲೆ ಹೊಯ್ದೇ ಬಿಟ್ಟರು.

"ಡ್ಯಾಡಾ, ದ ಸ್ಯಾಕ್ಸ್!" ಅಂತ ಆಲ್ರೊಯ್ ಕಿರುಚಿದ.

ರುಡಾಲ್ಫರು ಸ್ಯಾಕ್ಸೊಫೋನನ್ನು ಅಂಗಿಯೊಳಗೆ ಸೇರಿಸಿ, ಮಳೆಗೆ ಸಿಕ್ಕ ತಾಯಿ ಮಗುವನ್ನು ಅವುಚಿಕೊಂಡ ಹಾಗೆ ಬಗ್ಗಿ ಕೂತರು. ಮೇಲಿಂದ ಇನ್ನೊಂದು ಸೌಟು. ಆಮೇಲೆ ಸಾಲು ಶುರುವಾಯಿತು. ಒಬ್ಬೊಬ್ಬರೇ ಬಂದು ಎಣ್ಣೆ ಇಟ್ಟು, ಹಾಲು ಹೊಯ್ದು, ಕೆನ್ನೆ ಚಿವುಟಿ ಹೋಗುತ್ತಿದ್ದರು. ಸೋಲೊ ಬರಬೇಕಾದ ಜಾಗ ಬಂತು. ನೌಷಾದ್ ಅವರ ಕಡೆ ನೋಡಿದ, ಆಲ್ರೊಯ್ ನೋಡಿದ. ರುಡಾಲ್ಫರ ಕಣ್ಣು ಬಾಯಿಯಲ್ಲೆಲ್ಲ ಹಾಲು.

ಆಗ ಲೂರ್ಡ್ಸ್ ಬೇರೆಯೇ ಒಂದು ವೊವಿ ಎತ್ತಿದರು. ಆಲ್ಬಮ್ಮಿನಲ್ಲಿ ಇಲ್ಲದ್ದು, ಯಾರೂ ಕೇಳದಿದ್ದದ್ದು. ವೊವಿ ಎತ್ತುವವರಿಗೆ ಆ ಸ್ವಾತಂತ್ರ್ಯ ಉಂಟು. ಮದುಮಗನ ಹೆಸರು, ಊರು, ಸ್ವಭಾವ ಎಲ್ಲ ಅಲ್ಲೇ ಕಟ್ಟಿ ಹಾಡಬಹುದು. ವಿಮಾನ ಬಾರದ ಸಂಜೆಯನ್ನು ಹಾಡಿದರು. ಮಗನಿಗಾಗಿ ಹಿಂಡಿದ ಹಾಲು ತಣ್ಣಗಾಗುವುದನ್ನು ನೋಡುತ್ತ ಮಣೆಯ ಪಕ್ಕ ಕೂತ ಅತ್ತೆಯನ್ನು ಹಾಡಿದರು. ಇಗರ್ಜಿಯ ಬಾಗಿಲಲ್ಲಿ ಸುಕ್ಕು ಸೂಟಿನಲ್ಲಿ, ಒಂದು ಕೈಯಲ್ಲಿ ಹೂಗುಚ್ಛ, ಇನ್ನೊಂದು ಕೈಯಲ್ಲಿ ಸ್ಯಾಕ್ಸೊಫೋನಿನ ಪೆಟ್ಟಿಗೆ ಹಿಡಿದು ಓಡಿ ಬಂದ ಹುಡುಗನನ್ನು ಹಾಡಿದರು. ಹೆಂಗಸರು ನಗುತ್ತಲೂ ಕಣ್ಣೊರೆಸುತ್ತಲೂ ಕೊನೆಯ ಸಾಲು ಎಳೆದರು. ರುಡಾಲ್ಫರು ಬಾರಿಸುವುದನ್ನು ಬಿಟ್ಟು ಕೇಳುತ್ತ ಕೂತರು. ಅಮ್ಮ ಹಾಗೆ ಕಾದಿದ್ದಳು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹಾಡು ನಿಂತಿತು.

"ಸುಂದರವಾಗಿತ್ತು" ಅಂದರು ಅಧ್ಯಕ್ಷೆ, ತಡೆದು ತಡೆದು. "ಆದರೆ ಮಿಸ್ಟರ್ ರುಡಾಲ್ಫ್, ನಾವು ತೀರ್ಪು ಕೊಡಬೇಕಾದದ್ದು ಜಾಝ್ ಆಲ್ಬಮ್ಮಿಗೆ. ಸ್ಯಾಕ್ಸೊಫೋನ್ ಕೇಳಿಸಲೇ ಇಲ್ಲ. ತಲೆ ಒರೆಸಿಕೊಂಡು, ಈಗಲೇ ಮೊದಲಿನಿಂದ ನುಡಿಸ್ತೀರಾ? ನಿಮಗೆ ಸ್ವಲ್ಪ ಸಮಯ ಇದೆ."

ರುಡಾಲ್ಫರು ಬಾಗಿಲ ಕಡೆ ನೋಡಿದರು. ಸೌಟಿಗಾಗಿ ಕಾಯುವ ಸಾಲು ಇನ್ನೂ ಮೆಟ್ಟಿಲಲ್ಲಿತ್ತು. ಕ್ವಾಯರಿನವರು, ಆಸ್ಪತ್ರೆಯವರು, ಡ್ಯೂಟಿ ಬದಲಾಯಿಸಿಕೊಂಡು ಬಂದವರು. ಲೂರ್ಡ್ಸ್‌ರ ಕಡೆ ನೋಡಿದರು.

"ನಿನ್ನ ಇಷ್ಟ ರೂಡಿ" ಅಂದರು ಲೂರ್ಡ್ಸ್ ಮೆಲ್ಲಗೆ ಕೊಂಕಣಿಯಲ್ಲಿ. "ಕೋಪ ಇಲ್ಲ ನನಗೆ. ಆದರೆ ನಡುವಿನಲ್ಲಿ ಎದ್ದರೆ ರೋಸ್ ಅಲ್ಲಿಗೇ ಮುಗಿಯಿತು. ಇವರೆಲ್ಲ ಹೊಯ್ದಾದ ಮೇಲೆ ಸ್ನಾನ, ಅದು ಕ್ರಮ."

ಒಂದು ಕಡೆ ಎದ್ದು ಹೋಗಲಾರದ ಮೂರು ಜನ. ತಾವೇ ಎಷ್ಟೋ ವರ್ಷದಿಂದ ಕಾದಿದ್ದ ಮೂರು ಜನ. ಇನ್ನೊಂದು ಕಡೆ ಈ ಸಾಲು. ರುಡಾಲ್ಫರು ಅಂಗಿಯೊಳಗಿನ ಸ್ಯಾಕ್ಸೊಫೋನನ್ನು ಹೊರಗೆ ತೆಗೆದರು, ಒಮ್ಮೆ ನೋಡಿದರು, ಮಗನ ಕೈಗೆ ಕೊಟ್ಟರು.

"ಮೇಡಂ, ಕ್ಷಮಿಸಬೇಕು" ಅಂದರು. "ಇವರೆಲ್ಲ ನನಗಾಗಿ ಕಾದಿದ್ದಾರೆ. ಹಿಂದೊಮ್ಮೆ ಕಾಯಿಸಿ ಬಾರದೇ ಹೋದವ ನಾನು. ಇದು ಮುಗಿಯಲಿ, ಸ್ನಾನ ಆಗಲಿ. ಅಷ್ಟರಲ್ಲಿ ನೀವು ಇದ್ದರೆ ಬಾರಿಸ್ತೇನೆ. ಇಲ್ಲದಿದ್ದರೂ ಸರಿ."

"ಹೊಯ್ಯಿರಿ!" ಅಂತ ತಲೆ ಬಗ್ಗಿಸಿದರು. ಮನೆ ಹಾರಿ ಹೋಗುವ ಹಾಗೆ ಚಪ್ಪಾಳೆ ಬಿತ್ತು. ಜೋಕಿಮ್ ಎಲ್ಲಿಂದಲೋ ಒಂದು ಮೊಟ್ಟೆ ತಂದು ನೆತ್ತಿಯ ಮೇಲೆ ಒಡೆದರು.

ಸ್ನಾನ ಬೇಗ ಮುಗಿಯುವ ಹಾಗಿರಲಿಲ್ಲ. ಮೊಟ್ಟೆ, ಎಣ್ಣೆ, ಹಾಲು. ಸೋಪು ಹಾಕಿ ಹಾಕಿ ರುಡಾಲ್ಫರು ಖಲಾಸ್, ಎಲ್ಲ ಹೋಯಿತು ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು. ನೀರಿನ ಸದ್ದಿನಲ್ಲಿ ಹೊರಗೆ ಹೆಂಗಸರು ಹಾಡುವುದು ಕೇಳುತ್ತಿತ್ತು. ಜೊತೆಗೆ ಗಿಟಾರು. ಆಲ್ರೊಯ್‌ದಲ್ಲ, ಬೇರೆ ಯಾವುದೋ, ತಾಳದಿಂದ ಅರ್ಧ ಹೆಜ್ಜೆ ಹಿಂದೆ.

ಒದ್ದೆ ತಲೆಯಲ್ಲಿ ಹೊರಬಂದರೆ ಕರೆ ಇನ್ನೂ ನಡೆಯುತ್ತಿತ್ತು. ಪರದೆಯಲ್ಲಿ ತೀರ್ಪುಗಾರರ ಪಕ್ಕ ಇನ್ನೊಂದು ಚೌಕ ತೆರೆದಿತ್ತು, ಅದರಲ್ಲಿ ಐದಾರು ಹುಡುಗರು. ಮುಂದಿನ ಸರದಿಯ ಶಿಲ್ಲಾಂಗ್ ತಂಡ. ಕಾಯುತ್ತ ಕೂತವರು ವೊವಿಗೆ ಗಿಟಾರು ಸೇರಿಸಲು ಹೋಗಿದ್ದರು, ಇಂಟರ್ನೆಟ್ಟಿನ ದೆಸೆಯಿಂದ ಅವರ ಪ್ರತಿ ಪೆಟ್ಟೂ ತಡವಾಗಿ ಬರುತ್ತಿತ್ತು. ಕಾರ್ಮೆಲ್ ಆಂಟಿ ಲ್ಯಾಪ್‌ಟಾಪಿಗೆ ಮುಖ ಕೊಟ್ಟು ಕೊಂಕಣಿಯಲ್ಲಿ, "ಬೇಗ, ಬೇಗ ಪುತಾ!" ಅಂತ ಅವರನ್ನು ಗದರುತ್ತಿದ್ದರು.

"ನಿಮ್ಮ ಸಮಯ ಮುಗಿದಿದೆ, ಮಿಸ್ಟರ್ ರುಡಾಲ್ಫ್" ಅಂದರು ಅಧ್ಯಕ್ಷೆ. ಅವರಿಗೇ ಬೇಸರವಾದ ಹಾಗಿತ್ತು.

"ನಮ್ಮದರಲ್ಲಿ ಸ್ವಲ್ಪ ತೆಗೆದುಕೊಳ್ಳಲಿ ಮ್ಯಾಮ್" ಅಂದ ಶಿಲ್ಲಾಂಗಿನ ಗಿಟಾರಿನವ. "ಸರ್ ಬಾರಿಸುವುದನ್ನು ನಮಗೂ ಕೇಳಬೇಕು."

ಅಧ್ಯಕ್ಷೆ ಅಕ್ಕಪಕ್ಕ ನೋಡಿದರು, ತಲೆಯಾಡಿಸಿದರು.

ಈಗ ಮಣೆ ಇರಲಿಲ್ಲ, ವೊವಿ ಮುಗಿದಿತ್ತು. ರುಡಾಲ್ಫರು ನಿಂತೇ ಬಾರಿಸಿದರು. ಹೆಂಡತಿ ಆಗಷ್ಟೇ ಕಟ್ಟಿದ ಆ ಹೊಸ ವೊವಿಯ ರಾಗವನ್ನೇ ಹಿಡಿದು ಹೊರಟರು. ಒಂದು ಓಣಿ ಬಿಟ್ಟು ಇನ್ನೊಂದು ಓಣಿ, ವಿಮಾನ ನಿಲ್ದಾಣ, ಇಗರ್ಜಿಯ ಮೆಟ್ಟಿಲು, ಮಣೆಯ ಪಕ್ಕ ಕೂತ ಅಮ್ಮ. ನೌಷಾದ್ ಬೆರಳ ತುದಿಯಲ್ಲಷ್ಟೇ ಜೊತೆ ಕೊಟ್ಟ. ಕಣ್ಣು ಮುಚ್ಚಿ ಬಾರಿಸಿದರು, ಅದು ಅಭ್ಯಾಸ. ಮುಗಿಸಿ ಕಣ್ಣು ಬಿಡಲು ಸ್ವಲ್ಪ ಹೆದರಿದರು, ಅದೂ ಅಭ್ಯಾಸ.

ಯಾರೂ ಎದ್ದಿರಲಿಲ್ಲ. ಒಳಗೆ ಊಟ ತಯಾರಾಗಿ ಪರಿಮಳ ಮನೆ ತುಂಬಿದ್ದರೂ ಎದ್ದಿರಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ, ಬಾಲ್ಕನಿಯ ಸೋಫಾದಲ್ಲಿ, ಮೆಟ್ಟಿಲಲ್ಲಿ, ಕೂತಲ್ಲೇ ಕೂತಿದ್ದರು. ಜೋಕಿಮ್‌ರ ಕೈಯಲ್ಲಿ ಒಂದು ಖಾಲಿ ತಟ್ಟೆ ಇತ್ತು, ಅದನ್ನು ಮರೆತು ಎದೆಗೆ ಒತ್ತಿ ಹಿಡಿದಿದ್ದರು.

ಪ್ರಶಸ್ತಿ ಶಿಲ್ಲಾಂಗಿನ ಹುಡುಗರಿಗೆ ಹೋಯಿತು. ಸುದ್ದಿ ಬಂದ ಸಂಜೆ ರುಡಾಲ್ಫರು ಊಟ ಕಡಿಮೆ ಮಾಡಿದರು, ಟಿವಿ ಹಾಕಲಿಲ್ಲ. ಬೇಸರ ಆಗಲಿಲ್ಲ ಅಂದರೆ ಅದು ಸುಳ್ಳು. ಮರುದಿನ ಆ ಹುಡುಗರಿಗೆ ಅವರೇ ಫೋನ್ ಮಾಡಿ ಅಭಿನಂದನೆ ಹೇಳಿದರು. ಹುಡುಗರು ಮೊದಲು ಕೇಳಿದ್ದು ಕಾರ್ಮೆಲ್ ಆಂಟಿಯ ಕ್ಷೇಮ.

ಅದೇ ವಾರ ಲಿಫ್ಟಿನಲ್ಲಿ ಜೋಕಿಮ್ ಸಿಕ್ಕಿದರು, ಕೈತುಂಬ ತರಕಾರಿ ಚೀಲ.

"ರುಡಾಲ್ಫ್ ಬಾಬ್, ಒಂದು ಮಾತು" ಅಂದರು. ಕೇಳಲು ಸಂಕೋಚ, ಲಿಫ್ಟಿನ ಗುಂಡಿಯನ್ನೇ ನೋಡುತ್ತ ನಿಂತರು. "ಅವತ್ತು ಸ್ನಾನ ಆದಮೇಲೆ ಒಂದು ಬಾರಿಸಿದಿರಲ್ಲ. ಕುಣಿಯುವುದಲ್ಲ, ಆ ಮೆಲ್ಲಗಿನದು. ಅದನ್ನು ಇನ್ನು ಯಾವಾಗ ಬಾರಿಸ್ತೀರಿ? ನನ್ನ ಹೆಂಡತಿ ಕೇಳ್ತಾ ಇದ್ದಾಳೆ. ನಾನೂ."

"ಈ ಶುಕ್ರವಾರ ಸಂಜೆ ಮನೆಗೆ ಬನ್ನಿ" ಅಂದುಬಿಟ್ಟರು ರುಡಾಲ್ಫರು.

"ಬರೀ ನಾವಲ್ಲ. ಮೂರನೇ ಮಹಡಿಯವರೂ ಕೇಳ್ತಿದ್ದರು. ಆಚೆ ಕಟ್ಟಡದವರೂ."

ಲಿಫ್ಟಿನ ಬಾಗಿಲು ತೆರೆಯಿತು. ಜೋಕಿಮ್ ಇಳಿದರು, ರುಡಾಲ್ಫರು ಇಳಿಯುವುದನ್ನು ಮರೆತರು. ಬಾಗಿಲು ಮುಚ್ಚಿ ಲಿಫ್ಟು ಯಾರದೋ ಕರೆಗೆ ಮೇಲೆ ಹೊರಟಿತು. ಅವರು ಫೋನ್ ತೆಗೆದು ಹೆಂಡತಿಗೆ ಮಾಡಿದರು.

"ಲೂರ್ಡ್ಸ್, ನಮ್ಮ ಹಾಲ್‌ನಲ್ಲಿ ಎಷ್ಟು ಕುರ್ಚಿ ಹಿಡಿದೀತು?"

"ಯಾಕೆ, ಯಾರು ಬರ್ತಾರೆ?"

"ಕೇಳುವವರು" ಅಂದರು ರುಡಾಲ್ಫರು.

"ಕುರ್ಚಿ ಬೇಡ, ಚಾಪೆ ಹಾಕುವಾ. ಹೆಚ್ಚು ಜನ ಹಿಡಿಯುತ್ತಾರೆ" ಅಂದರು ಲೂರ್ಡ್ಸ್.